ಬಾನೆಟ್ ಮೇಲಿನ ಜೇಡರ ಬಲೆ: ಮೊದಲ ಸಲ ಪಾಲಿಶಿಂಗ್ ಮೆಷಿನ್ ಹಿಡಿಯುವವರಿಗೆ

ರಾತ್ರಿ ಹೊತ್ತು ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿದಾಗ ಒಮ್ಮೆ ಬಾನೆಟ್ ಕಡೆ ನೋಡಿ. ಮೇಲಿನ ಎಲ್‌ಇಡಿ ದೀಪ ಬಾನೆಟ್‌ನಲ್ಲಿ ಕಾಣುತ್ತಿರುತ್ತದೆ. ಅದರ ಸುತ್ತ ಕೂದಲೆಳೆಯಂಥ ಗೆರೆಗಳು ಸುತ್ತು ಸುತ್ತಾಗಿ, ಜೇಡ ಬಲೆ ಕಟ್ಟಿದ ಹಾಗೆ ಹೊಳೆಯುತ್ತವೆ. ನನ್ನ ಕಡುನೀಲಿ ಕಾರಿನಲ್ಲಿ ಇದನ್ನು ನಾನು ಮೊದಲು ಕಂಡದ್ದು ಕೋಲಾರದ ಹೊರಗೆ, ಹೈವೇ ಬದಿಯ ಬಂಕಿನಲ್ಲಿ. ಮನೆ ಮುಂದಿನ ಹೊಂಗೆ ನೆರಳಲ್ಲಿ ಚೆನ್ನಾಗೇ ಕಾಣುತ್ತಿದ್ದ ಕಾರು ಅದು. ದೀಪದ ಕೆಳಗೆ ನೋಡಿದರೆ ನೀಲಿ ಬಣ್ಣವೇ ಬೂದಿ ಹಿಡಿದ ಹಾಗಿತ್ತು. ಮನಸ್ಸಿಗೆ ತುಂಬಾ ಕಸಿವಿಸಿಯಾಯಿತು.

ಅವತ್ತಿನಿಂದ ಪಾಲಿಶಿಂಗ್ ಮೆಷಿನ್ ಹಿಂದೆ ಬಿದ್ದೆ. ಮೊದಲು ತಪ್ಪು ಮಾಡಿದೆ, ಆಮೇಲೆ ಕಲಿತೆ. ಈಗ ನನ್ನ ಕಾರು, ತಮ್ಮನ ಕಾರು, ಪಕ್ಕದ ಮನೆಯವರ ಸ್ಕೂಟರ್ ಎಲ್ಲವನ್ನೂ ಪಾಲಿಶ್ ಮಾಡಿದ್ದೇನೆ. ಶುರುವಿನಲ್ಲಿ ಯಾರಾದರೂ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸಿದ ವಿಷಯಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಸುತ್ತು ಗೆರೆಗಳು ಏನು ಅಂತ ತಿಳಿಯೋಣ. ಅಡುಗೆಮನೆಯಿಂದ ಒಂದು ಹಳೆಯ ಸ್ಟೀಲ್ ತಟ್ಟೆ ತನ್ನಿ. ವರ್ಷಗಟ್ಟಲೆ ನಾರು ಹಾಕಿ ಉಜ್ಜಿದ್ದಾದರೆ ಒಳ್ಳೆಯದು. ಬಲ್ಬಿನ ಕೆಳಗೆ ಹಿಡಿಯಿರಿ. ಬಲ್ಬಿನ ಬಿಂಬದ ಸುತ್ತ ಉಂಗುರ ಉಂಗುರವಾಗಿ ಗೆರೆಗಳು ಕಾಣುತ್ತವೆ. ಈಗ ತಟ್ಟೆಯನ್ನು ನಿಧಾನಕ್ಕೆ ಪಕ್ಕಕ್ಕೆ ಸರಿಸಿ. ಉಂಗುರಗಳು ತಟ್ಟೆಯ ಜೊತೆ ಹೋಗುವುದಿಲ್ಲ, ಬಲ್ಬಿನ ಬಿಂಬದ ಸುತ್ತಲೇ ಉಳಿಯುತ್ತವೆ. ಅಂದರೆ ಗೆರೆಗಳು ನಿಜವಾಗಿ ವೃತ್ತಾಕಾರದಲ್ಲಿಲ್ಲ. ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿ ಬಿದ್ದಿವೆ. ಬೆಳಕಿಗೆ ಅಡ್ಡವಾಗಿ ಇರುವ ಗೆರೆಗಳು ಮಾತ್ರ ಮಿಂಚುತ್ತವೆ, ಉಳಿದವು ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ನಮಗೆ ಸುತ್ತು ಕಟ್ಟಿದಂತೆ ತೋರುತ್ತದೆ. ಕಾರಿನ ಬಾನೆಟ್ ಮೇಲೂ ಇದೇ ಕಥೆ. ನೆರಳಲ್ಲಿ, ಟ್ಯೂಬ್‌ಲೈಟಿನ ಹರಡಿದ ಬೆಳಕಲ್ಲಿ ಏನೂ ಕಾಣುವುದಿಲ್ಲ. ಬಿಸಿಲು ಅಥವಾ ಚಿಕ್ಕ ಎಲ್‌ಇಡಿ ದೀಪದಂಥ ಒಂದೇ ಕಡೆಯಿಂದ ಬರುವ ಬೆಳಕು ಬಿದ್ದರೆ ಎಲ್ಲ ಬಯಲಾಗುತ್ತದೆ. ಇದನ್ನು ನೆನಪಿಡಿ, ಆಮೇಲೆ ಬೇಕಾಗುತ್ತದೆ.

ಆ ಗೆರೆಗಳು ಇರುವುದು ಬಣ್ಣದಲ್ಲಿ ಅಲ್ಲ. ಬಣ್ಣದ ಮೇಲಿನ ಪದರದಲ್ಲಿ. ಫ್ಯಾಕ್ಟರಿಯಿಂದ ಬರುವ ಈಗಿನ ಕಾರುಗಳ ತಗಡಿನ ಮೇಲೆ ಸಾಮಾನ್ಯವಾಗಿ ನಾಲ್ಕು ಪದರ ಇರುತ್ತವೆ. ಎಲ್ಲಕ್ಕಿಂತ ಕೆಳಗೆ ತುಕ್ಕು ತಡೆಯುವ ಪದರ. ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ಕರೆಂಟ್ ಹರಿಸಿ ಅದನ್ನು ಹಿಡಿಸುತ್ತಾರೆ. ಅದರ ಮೇಲೆ ಪ್ರೈಮರ್. ಆಮೇಲೆ ಬೇಸ್ ಕೋಟ್, ಅಂದರೆ ನಾವು ನೋಡುವ ಬಣ್ಣ. ಕೊನೆಗೆ ಬಣ್ಣವಿಲ್ಲದ, ಗಾಜಿನಂಥ ಕ್ಲಿಯರ್ ಕೋಟ್. ಹೊಳಪು ಕೊಡುವುದೂ ಇದೇ, ಬಿಸಿಲಿನ ಕೆಟ್ಟ ಕಿರಣಗಳಿಂದ ಬಣ್ಣವನ್ನು ಕಾಯುವುದೂ ಇದೇ.

ಇದು ಎಷ್ಟು ದಪ್ಪ ಇರುತ್ತದೆ ಅಂತ ಗೊತ್ತಾದಾಗ ನಾನು ನಿಜಕ್ಕೂ ಬೆಚ್ಚಿದೆ. ನಾಲ್ಕೂ ಪದರ ಸೇರಿ ಹೆಚ್ಚಿನ ಕಾರುಗಳಲ್ಲಿ 100ರಿಂದ 150 ಮೈಕ್ರಾನ್. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್ 120 ಮೈಕ್ರಾನ್‌ಗಿಂತ ತೆಳ್ಳಗಿರಬಾರದು ಅಂತ ಕೇಂದ್ರದ ನಿಯಮ 2022ರ ಕೊನೆಯಲ್ಲಿ ಜಾರಿಗೆ ಬಂತಲ್ಲ, ಹೆಚ್ಚುಕಡಿಮೆ ಅಂಥ ಒಂದು ಬ್ಯಾಗಿನ ಹಾಳೆಯಷ್ಟೇ ದಪ್ಪದ ಬಣ್ಣ ನಿಮ್ಮ ಕಾರಿನ ಮೇಲಿರುವುದು. ಅದರಲ್ಲೂ ಕ್ಲಿಯರ್ ಕೋಟ್ ಸುಮಾರು 35ರಿಂದ 50 ಮೈಕ್ರಾನ್ ಮಾತ್ರ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ಇರುತ್ತದೆ. ಕೂದಲಿಗಿಂತ ತೆಳ್ಳಗಿನ ಒಂದು ಪೊರೆ. ನಾವು ಮೆಷಿನ್ ಇಡುವುದು ಅದರ ಮೇಲೆ.

ಇಟ್ಟು ಮಾಡುವುದೇನು? ತುಂಬಾ ಜನ ಅಂದುಕೊಂಡಿರುವುದು, ಪಾಲಿಶ್ ಅಂದರೆ ಏನೋ ಹಚ್ಚಿ ಹೊಳಪು ತರುವುದು ಅಂತ. ಹಾಗಲ್ಲ. ಹಳೆಯ ಮನೆಗಳಲ್ಲಿ ಮೊಸಾಯಿಕ್ ನೆಲಕ್ಕೆ ಪಾಲಿಶ್ ಹಾಕಿಸುತ್ತಿದ್ದದ್ದು ನೆನಪಿದೆಯಾ? ಮೊದಲು ತರಿಯಾದ ಕಲ್ಲು ಹಾಕಿ ಮೆಷಿನ್ ಓಡಿಸುತ್ತಿದ್ದರು. ಆಮೇಲೆ ನಯವಾದ ಕಲ್ಲು. ಕೊನೆಗೆ ಇನ್ನೂ ನಯವಾದದ್ದು. ನೆಲದ ಮೇಲೆಲ್ಲ ಬೂದು ಬಣ್ಣದ ರಾಡಿ ಹರಿಯುತ್ತಿತ್ತು. ಆ ರಾಡಿ ನೆಲದ್ದೇ. ನೆಲವನ್ನೇ ಸವೆಸಿ ಸವೆಸಿ ಸಮ ಮಾಡಿದಾಗ ಮುಖ ಕಾಣುವಷ್ಟು ಹೊಳಪು ಬರುತ್ತಿತ್ತು. ಕಾರಿನ ಪಾಲಿಶ್ ಕೂಡ ಇದೇ ಕೆಲಸ. ಮೆಷಿನ್ನಿಗೆ ಹಾಕುವ ಕಾಂಪೌಂಡ್ ಅನ್ನುವ ಪೇಸ್ಟಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಗಟ್ಟಿ ಕಣಗಳಿರುತ್ತವೆ. ಅವು ಕ್ಲಿಯರ್ ಕೋಟನ್ನು ತೆಳ್ಳಗೆ ಹೆರೆಯುತ್ತವೆ. ಗೆರೆಯನ್ನು ತುಂಬುವುದಿಲ್ಲ. ಗೆರೆಯ ತಳ ಎಲ್ಲಿದೆಯೋ ಅಲ್ಲಿಯವರೆಗೆ ಸುತ್ತಲಿನದನ್ನೆಲ್ಲ ಇಳಿಸುತ್ತವೆ. ಗೆರೆ 2 ಮೈಕ್ರಾನ್ ಆಳ ಇದ್ದರೆ, ಆ ಜಾಗವೆಲ್ಲ 2 ಮೈಕ್ರಾನ್ ಕೆಳಗಿಳಿಯಬೇಕು.

ಮೊಸಾಯಿಕ್ ನೆಲ ಬೇಕಾದಷ್ಟು ದಪ್ಪ ಇತ್ತು. ಇಲ್ಲಿ ಇರುವುದು 40 ಮೈಕ್ರಾನ್. ತೆಗೆದದ್ದು ಮತ್ತೆ ಬೆಳೆಯುವುದಿಲ್ಲ. ಜಾಸ್ತಿ ತೆಳ್ಳಗಾದರೆ ತಕ್ಷಣ ಏನೂ ಗೊತ್ತಾಗದೆ ಇರಬಹುದು, ಆದರೆ ಕೆಲವು ವರ್ಷದ ಬಿಸಿಲಿಗೆ ಬಾನೆಟ್, ಟಾಪ್ ಎಲ್ಲ ಬೆಳ್ಳಗೆ ಹಕ್ಕಳೆ ಏಳುತ್ತವೆ. ಹಾಗಾಗಿ ಪ್ರತಿ ಹೆಜ್ಜೆಯಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇಷ್ಟು ಗೆರೆ ಹೋಗಿಸಲು ಎಷ್ಟು ಕಡಿಮೆ ತೆಗೆದರೆ ಸಾಕು?

ಎಲ್ಲ ಗೆರೆಯೂ ಹೋಗಬೇಕಿಲ್ಲ ಅನ್ನುವುದೂ ಇದರಲ್ಲೇ ಬಂತು. ಗೆರೆಯ ಮೇಲೆ ಅಡ್ಡವಾಗಿ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಅದು ಪಾಲಿಶ್‌ಗೆ ಹೋಗುವ ಗೆರೆಯಲ್ಲ, ಹೋಗಿಸಲು ಪ್ರಯತ್ನಿಸಲೂ ಬಾರದು. ನನ್ನ ಕಾರಿನ ಬಲಬಾಗಿಲಿನ ಮೇಲೆ ಅಂಥದ್ದೊಂದಿದೆ. ಮಾರ್ಕೆಟ್ ಹತ್ತಿರ ಟೊಮೆಟೊ ಕ್ರೇಟ್ ತಗುಲಿ ಆದದ್ದು. ಅದರ ಅಂಚು ಸ್ವಲ್ಪ ನಯವಾಗಿದೆ, ದೂರಕ್ಕೆ ಅಷ್ಟಾಗಿ ಕಾಣುವುದಿಲ್ಲ. ಅಷ್ಟಕ್ಕೇ ಬಿಟ್ಟಿದ್ದೇನೆ.

ಈ ಗೆರೆಗಳೆಲ್ಲ ಬಂದದ್ದಾದರೂ ಎಲ್ಲಿಂದ? ನಾವೇ ಹಾಕಿದ್ದು, ಒರೆಸುವಾಗ. ಅದರಲ್ಲೂ ನಮ್ಮ ಕಡೆಯ ಧೂಳು ಬೇರೆ ಥರದ್ದು. ಕೋಲಾರ, ಚಿಕ್ಕಬಳ್ಳಾಪುರ ಅಂದರೆ ಕಲ್ಲಿನ ಸೀಮೆ. ಕಲ್ಲು ಕ್ವಾರಿ, ಕ್ರಷರ್‌ಗಳ ಪಕ್ಕದ ರಸ್ತೆಯಲ್ಲಿ ಹೋಗಿ ಬಂದ ಕಾರಿನ ಮೇಲೆ ಕೂರುವುದು ಗ್ರಾನೈಟ್ ಪುಡಿ. ಅದರಲ್ಲಿ ಬೆಣಚುಕಲ್ಲು ಇರುತ್ತದೆ. ಕೆಜಿಎಫ್‌ನಲ್ಲಿ ಚಿನ್ನ ಸಿಗುತ್ತಿದ್ದದ್ದೂ ಬೆಣಚುಕಲ್ಲಿನ ಪದರದಲ್ಲೇ. ಗಣಿ 2001ರಲ್ಲಿ ಮುಚ್ಚಿತು, ಆದರೆ ಕಲ್ಲನ್ನು ನುಣ್ಣಗೆ ಅರೆದು ಚಿನ್ನ ತೆಗೆದ ಮೇಲೆ ಸುರಿದ ದಿಬ್ಬಗಳು ಇನ್ನೂ ಹಾಗೇ ಇವೆ. ಗಾಳಿ ಕಾಲದಲ್ಲಿ ಆ ಪುಡಿ ಊರ ಮೇಲೆಲ್ಲ ಹಾರುತ್ತದೆ. ಗಟ್ಟಿತನ ಅಳೆಯುವ ಮೋಸ್ ಮಾಪಕದಲ್ಲಿ ವಜ್ರಕ್ಕೆ 10, ಬೆಣಚುಕಲ್ಲಿಗೆ 7, ಕಿಟಕಿ ಗಾಜಿಗೆ ಸುಮಾರು 5.5. ಕ್ಲಿಯರ್ ಕೋಟ್ ಗಾಜಿಗಿಂತಲೂ ಎಷ್ಟೋ ಮೆತ್ತಗೆ. ಬೆಳಗ್ಗೆ ಆಫೀಸಿಗೆ ಹೊರಡುವ ಆತುರದಲ್ಲಿ ಒಣ ಬಟ್ಟೆಯಲ್ಲಿ ಬಾನೆಟ್ ಒರೆಸಿದರೆ, ನಯವಾದ ವಾಟರ್ ಪೇಪರ್, ಅಂದರೆ ಮರಳು ಕಾಗದ ಹಾಕಿ ಉಜ್ಜಿದ ಹಾಗೇ.

ಇನ್ನು ಮೆಷಿನ್. ಇದರಲ್ಲಿ ಎರಡು ಜಾತಿ. ಒಂದು ರೋಟರಿ. ಪ್ಯಾಡ್, ಅಂದರೆ ಬಣ್ಣಕ್ಕೆ ತಾಗುವ ಸ್ಪಂಜಿನ ಅಥವಾ ಉಣ್ಣೆಯ ಬಿಲ್ಲೆ, ಒಂದೇ ಅಚ್ಚಿನ ಮೇಲೆ ಗಿರಗಿರ ತಿರುಗುತ್ತದೆ. ಗ್ಯಾರೇಜುಗಳಲ್ಲಿ ಉಣ್ಣೆ ಪ್ಯಾಡ್ ಹಾಕಿ ರಬ್ಬಿಂಗ್ ಮಾಡುವುದು ಇದರಲ್ಲೇ. ಬೇಗ ಕೆಲಸ ಮಾಡುತ್ತದೆ, ಬೇಗ ಬಿಸಿಯೂ ಏರಿಸುತ್ತದೆ. ಎರಡನೆಯದು ಡಿಎ, ಅಂದರೆ ಡ್ಯುಯಲ್ ಆ್ಯಕ್ಷನ್. ಅಜ್ಜಿ ಒರಳಿನಲ್ಲಿ ದೋಸೆ ಹಿಟ್ಟು ರುಬ್ಬುತ್ತಿದ್ದದ್ದನ್ನು ನೆನಪಿಸಿಕೊಳ್ಳಿ. ಗುಂಡು ಒರಳಿನ ಸುತ್ತ ಹೋಗುತ್ತದೆ, ಜೊತೆಗೆ ತನ್ನಷ್ಟಕ್ಕೆ ತಾನೂ ಉರುಳುತ್ತದೆ. ಡಿಎ ಪ್ಯಾಡ್ ಕೂಡ ಹಾಗೆ. ಸಣ್ಣ ಸುತ್ತು ಹಾಕುತ್ತಾ ಜೊತೆಗೆ ತಾನೂ ತಿರುಗುತ್ತದೆ. ಒಂದೇ ಜಾಗದಲ್ಲಿ ಒಂದೇ ದಿಕ್ಕಿಗೆ ಉಜ್ಜುವುದಿಲ್ಲವಾದ್ದರಿಂದ ಬಿಸಿ ಕಡಿಮೆ. ಜಾಸ್ತಿ ಒತ್ತಿದರೆ ಪ್ಯಾಡ್ ತಿರುಗುವುದನ್ನೇ ನಿಲ್ಲಿಸಿ ಸುಮ್ಮನೆ ನಡುಗುತ್ತದೆ. ಹೊಸಬರಿಗೆ ಇದೇ ದೊಡ್ಡ ರಕ್ಷೆ. ನನ್ನನ್ನು ಕೇಳಿದರೆ ಮೊದಲ ಮೆಷಿನ್ ಡಿಎ ಆಗಿರಲಿ, ಬೇರೆ ಮಾತೇ ಬೇಡ. ಪ್ಯಾಡ್ ಹಾಕುವ ಸುತ್ತಿನ ಅಗಲ 8, 15, 21 ಮಿಲಿಮೀಟರ್ ಹೀಗೆ ಬರುತ್ತದೆ. 8 ಅಥವಾ 15 ಸಾಕು. 21 ದೊಡ್ಡ ಬಯಲಿಗೆ ಚೆನ್ನ, ನಮ್ಮ ಚಿಕ್ಕ ಕಾರುಗಳ ಬಾಗು ಬಳುಕಿಗೆ ಕಷ್ಟ.

ಒಂದು ಮಾತನ್ನು ಒತ್ತಿ ಹೇಳಬೇಕು. ಮನೆಯಲ್ಲಿರುವ ಆ್ಯಂಗಲ್ ಗ್ರೈಂಡರ್‌ಗೆ ಸ್ಪಂಜು ಪ್ಯಾಡ್ ಸಿಕ್ಕಿಸಿ ಪಾಲಿಶ್ ಮಾಡಬಹುದು ಅಂತ ಹೇಳುವವರಿದ್ದಾರೆ. ದಯವಿಟ್ಟು ಬೇಡ. 4 ಇಂಚಿನ ಮಾಮೂಲಿ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ರೋಟರಿ ಪಾಲಿಶರ್ ಕೆಲಸ ಮಾಡುವುದು 600ರಿಂದ 3,000ದ ಒಳಗೆ. ಗ್ರೈಂಡರ್ ವೇಗಕ್ಕೆ ಕ್ಲಿಯರ್ ಕೋಟ್ ಕಣ್ಣು ಮಿಟುಕಿಸುವಷ್ಟರಲ್ಲಿ ಸುಟ್ಟು ಹೋಗುತ್ತದೆ. ಪ್ಯಾಡ್ ಕಿತ್ತು ಹಾರಿದರೆ ಮುಖಕ್ಕೇ ಬರುತ್ತದೆ.

ನನ್ನ ತಪ್ಪು ಆದದ್ದು ರೋಟರಿಯಲ್ಲಿ. ಪರಿಚಯದವರೊಬ್ಬರ ಹತ್ತಿರ ಎರವಲು ತಂದು, ಬಾನೆಟ್ ನಡುವೆ ಚೆನ್ನಾಗಿ ಓಡಿಸಿದೆ. ಹೊಳಪು ಬರುತ್ತಿದ್ದಂತೆ ಹುರುಪು ಏರಿತು. ಬಾನೆಟ್ ಮೇಲೆ ಉದ್ದಕ್ಕೆ ಏಣಿನಂತೆ ಎದ್ದಿರುವ ಗೆರೆಯಿದೆಯಲ್ಲ, ಅದರ ಮೇಲೂ ಹಾಗೇ ಎಳೆದೆ. ಮೆಷಿನ್ ಎತ್ತಿ ನೋಡಿದರೆ ಬಿಳಿ ಪ್ಯಾಡ್ ಅಂಚಿನಲ್ಲಿ ನೀಲಿ. ಕ್ಲಿಯರ್ ಕೋಟ್ ಇರುವವರೆಗೆ ಪ್ಯಾಡ್ ಮೇಲೆ ಬರುವುದು ಬಿಳಿ ರಾಡಿ ಮಾತ್ರ. ಬಣ್ಣ ಬಂತು ಅಂದರೆ ಕ್ಲಿಯರ್ ಕೋಟ್ ದಾಟಿ ಬೇಸ್ ಕೋಟ್ ಮುಟ್ಟಿದ್ದೀರಿ ಅಂತ. ಎದೆ ಧಸಕ್ ಅಂದಿತು. ಕೆಲವು ಹಳೆಯ ಗಾಡಿಗಳಲ್ಲಿ ಕ್ಲಿಯರ್ ಕೋಟೇ ಇರುವುದಿಲ್ಲ, ಅವುಗಳಲ್ಲಿ ಮೊದಲಿನಿಂದಲೇ ಬಣ್ಣ ಬರುತ್ತದೆ, ಅದು ಬೇರೆ. ನನ್ನದು ಹಾಗಿರಲಿಲ್ಲ.

ನಮ್ಮ ಬೀದಿ ಕೊನೆಯ ಟಿಂಕರಿಂಗ್ ಶೆಡ್ಡಿನ ಪೇಂಟರ್ ಅಣ್ಣನಿಗೆ ತೋರಿಸಿದೆ. ಬೆರಳಿನಿಂದ ಆ ಏಣನ್ನು ಸವರಿ ನೋಡಿದರು.

"ಬಣ್ಣ ಹೊಡೆದಾಗ ಏಣು ಇರೋ ಕಡೆ ನಿಲ್ಲಲ್ಲಪ್ಪ. ಎರಡೂ ಕಡೆ ಇಳಿದುಬಿಡುತ್ತೆ. ಮೊದಲೇ ಅಲ್ಲಿ ತೆಳು. ನೀನು ಅಲ್ಲೇ ಮೆಷಿನ್ ಕೂರಿಸಿದೀಯ" ಅಂದರು.

"ಈಗ ಏನು ಮಾಡೋದಣ್ಣ?"

"ಏನೂ ಮಾಡೋಕಾಗಲ್ಲ. ಬಾನೆಟ್ ಪೂರ್ತಿ ಹೊಡೀಬೇಕು. ಇನ್ನು ಮುಂದೆ ಏಣಿಗೆಲ್ಲ ಟೇಪ್ ಹಾಕ್ಕೋ."

ಅವತ್ತಿನಿಂದ ಮೆಷಿನ್ ಆನ್ ಮಾಡುವ ಮೊದಲು ನಾನು ಮಾಸ್ಕಿಂಗ್ ಟೇಪ್ ಹಿಡಿದು ಕಾರಿನ ಸುತ್ತ ಒಂದು ಸುತ್ತು ಬರುತ್ತೇನೆ. ಎಲ್ಲ ಏಣು, ಬಾಗಿಲಿನ ಅಂಚು, ಬಾನೆಟ್ಟಿನ ತುದಿ, ಅಕ್ಷರ, ಲೋಗೋ. ಕಪ್ಪು ಪ್ಲಾಸ್ಟಿಕ್ ಪಟ್ಟಿ, ರಬ್ಬರ್ ಬೀಡಿಂಗಿಗೂ ಟೇಪ್ ಬೇಕು. ತರಿತರಿ ಪ್ಲಾಸ್ಟಿಕ್ಕಿನ ಸಂದಿಯಲ್ಲಿ ಕಾಂಪೌಂಡ್ ಒಣಗಿ ಬೆಳ್ಳಗಾದರೆ ತೆಗೆಯುವುದು ದೊಡ್ಡ ರಗಳೆ. ಬಂಪರ್ ತಗಡಲ್ಲ, ಪ್ಲಾಸ್ಟಿಕ್. ತಗಡಿನ ಹಾಗೆ ಬಿಸಿಯನ್ನು ಹರಡಿಬಿಡುವುದಿಲ್ಲ, ಬಿಸಿ ಅಲ್ಲೇ ನಿಲ್ಲುತ್ತದೆ. ಅಲ್ಲಿ ವೇಗ ಕಡಿಮೆ, ಒತ್ತಡ ಕಡಿಮೆ, ನಿಲ್ಲಿಸಿ ನಿಲ್ಲಿಸಿ ಮಾಡಬೇಕು. ಯಾವಾಗಲೋ ಟಿಂಕರಿಂಗ್ ಮಾಡಿಸಿ ಬಣ್ಣ ಹೊಡೆಸಿದ ಭಾಗ ಇದ್ದರೆ ಅಲ್ಲಿಯೂ ಹುಷಾರು. ಅದರ ಲೆಕ್ಕ ಫ್ಯಾಕ್ಟರಿ ಬಣ್ಣದ ಲೆಕ್ಕವಲ್ಲ.

ಮೆಷಿನ್ ಹಿಡಿಯುವ ಮುಂಚಿನ ಕೆಲಸವೇ ಅರ್ಧ ದಿನ ಹಿಡಿಯುತ್ತದೆ. ಮೊದಲು ತೊಳೆಯುವುದು. ಬರೀ ನೀರು ಜೋರಾಗಿ ಹೊಡೆದು ಧೂಳು ಇಳಿಸಿ. ಆಮೇಲೆ ಕಾರ್ ಶಾಂಪೂ. ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನು ಕಾರಿಗೆ ಹಾಕಿದ ಮೇಲೆ ಮೊದಲು ಬರೀ ನೀರಲ್ಲಿ ಜಾಲಿಸಿ, ಆಮೇಲೆ ಶಾಂಪೂವಿಗೆ ಅದ್ದಿ. ಇಲ್ಲದಿದ್ದರೆ ತೆಗೆದ ಮಣ್ಣನ್ನೇ ಮತ್ತೆ ತಂದು ಉಜ್ಜಿದ ಹಾಗಾಗುತ್ತದೆ.

ನಮ್ಮೂರಿನ ನೀರಿನ ಕಥೆಯೂ ಇಲ್ಲಿ ಬರುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳ ಗಡಸು ನೀರು. ಅದು ಬಾನೆಟ್ ಮೇಲೆ ಒಣಗಿದರೆ ನೀರು ಮಾತ್ರ ಹೋಗುತ್ತದೆ, ಸುಣ್ಣದ ಅಂಶ ಉಳಿಯುತ್ತದೆ. ಸ್ನಾನದ ಕೋಣೆಯ ನಲ್ಲಿಯ ಮೇಲೆ ಕಟ್ಟುವ ಬಿಳಿ ಕರೆ ಇದೇ. ಬಿಸಿಲಿನಲ್ಲಿ ಹಾಗೇ ಬಿಟ್ಟರೆ ಕ್ಲಿಯರ್ ಕೋಟಿನಲ್ಲಿ ಅಚ್ಚು ಒತ್ತಿದ ಹಾಗೆ ಗುರುತು ಕೂರುತ್ತದೆ. ತೊಳೆದ ತಕ್ಷಣ ಮೈಕ್ರೋಫೈಬರ್ ಟವೆಲ್ಲಿನಲ್ಲಿ ಒತ್ತಿ ನೀರು ತೆಗೆಯಬೇಕು. ಮನೆಯ ಆರ್‌ಒ ಫಿಲ್ಟರಿನಿಂದ ಹೊರಬರುವ ವೇಸ್ಟ್ ನೀರಿನಲ್ಲಿ ಕಾರು ತೊಳೆಯುವವರು ತುಂಬಾ ಜನ ಇದ್ದಾರೆ. ನೀರು ಉಳಿಸುವ ಒಳ್ಳೆಯ ಮನಸ್ಸು ಅದು, ಆದರೆ ಆ ನೀರಿನಲ್ಲಿ ಬೋರ್ ನೀರಿಗಿಂತ ಜಾಸ್ತಿ ಲವಣ ಇರುತ್ತದೆ. ಗಿಡಕ್ಕಾಗಲಿ ಕಾರಿಗಾಗಲಿ ಒಳ್ಳೆಯದಲ್ಲ, ಅಂಗಳ ತೊಳೆಯಲು ಇಟ್ಟುಕೊಳ್ಳಿ. ನಾನು ಮಾಡುವುದು ಹೀಗೆ: ಬೋರ್ ನೀರಿನಲ್ಲಿ ತೊಳೆದು, ಕೊನೆಯಲ್ಲಿ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನಲ್ಲಿ ಐದಾರು ಲೀಟರ್ ಮಾತ್ರ ಮೇಲಿನಿಂದ ಹರಿಸುತ್ತೇನೆ. ಕರೆ ಕಟ್ಟುವುದೇ ಇಲ್ಲ. ಹಿಡಿದಿಟ್ಟ ಮಳೆನೀರು ಇದ್ದರೆ ಇನ್ನೂ ಒಳ್ಳೆಯದು.

ತೊಳೆದ ಕಾರು ಸ್ವಚ್ಛ ಅನಿಸುತ್ತದೆ. ಒಂದು ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ಬಾನೆಟ್ ಮೇಲೆ ಹಗುರಾಗಿ ಸವರಿ ನೋಡಿ. ಬರಿಗೈಗೆ ನುಣ್ಣಗಿದ್ದದ್ದು ಕವರಿನ ಮೂಲಕ ರವೆ ರವೆಯಾಗಿ ಸಿಗುತ್ತದೆ. ಬ್ರೇಕಿನಿಂದ ಹಾರಿದ ಕಬ್ಬಿಣದ ಪುಡಿ, ಡಾಂಬರಿನ ಚುಕ್ಕಿ, ಮರದ ಅಂಟು ಎಲ್ಲ ಅಲ್ಲಿ ಅಂಟಿ ಕೂತಿರುತ್ತವೆ. ಇವುಗಳ ಮೇಲೆ ಮೆಷಿನ್ ಓಡಿಸಿದರೆ ಪ್ಯಾಡಿಗೆ ಸಿಕ್ಕಿ ಹೊಸ ಗೆರೆ ಎಳೆಯುತ್ತವೆ. ಇದಕ್ಕೆ ಕ್ಲೇ ಬಾರ್ ಅಂತ ಸಿಗುತ್ತದೆ, ಮೆತ್ತಗಿನ ಜೇಡಿಮಣ್ಣಿನ ಉಂಡೆಯಂಥದ್ದು. ಶಾಂಪೂ ನೀರು ಚಿಮುಕಿಸಿ, ಅದು ಜಾರುತ್ತಿರುವಂತೆ ಹಗುರಾಗಿ ಓಡಿಸಿ. ಉಂಡೆ ಕೊಳೆಯಾದರೆ ಮಡಚಿ ಹೊಸ ಮುಖ ತೆಗೆಯಿರಿ. ಕೆಳಗೆ ಬಿದ್ದರೆ ಮತ್ತೆ ಬಳಸಬೇಡಿ, ಬಿಸಾಡಿ. ನೆಲದ ಒಂದು ಮರಳಿನ ಕಣ ಸಾಕು, ಇಡೀ ಬಾಗಿಲು ಗೀರಲು.

ಪ್ಯಾಡು ಮತ್ತು ಕಾಂಪೌಂಡಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಗಡಸು, ಮಧ್ಯಮ, ಮೆತ್ತನೆಯ ಸ್ಪಂಜು ಪ್ಯಾಡ್ ಎರಡೆರಡು. ಜಾಸ್ತಿ ಹೆರೆಯುವ ಒಂದು ಕಾಂಪೌಂಡ್, ಕಡಿಮೆ ಹೆರೆಯುವ ಒಂದು ನಯವಾದ ಪಾಲಿಶ್. ಪ್ಯಾಡಿನ ಬಣ್ಣ ನೋಡಿ ಗಡಸೋ ಮೆತ್ತಗೋ ಅಂತ ತೀರ್ಮಾನ ಮಾಡಬೇಡಿ. ಒಂದು ಕಂಪನಿಯ ಕಿತ್ತಳೆ ಇನ್ನೊಂದರ ಕಿತ್ತಳೆಯಲ್ಲ.

ಜಾಗ ನೆರಳಿನದಾಗಿರಬೇಕು. ತಗಡು ಕೈಗೆ ತಣ್ಣಗಿರಬೇಕು. ಬಿಸಿ ಬಾನೆಟ್ ಮೇಲೆ ಕಾಂಪೌಂಡ್ ಎರಡು ನಿಮಿಷದಲ್ಲಿ ಒಣಗಿ ಪುಡಿಯಾಗುತ್ತದೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಂತೂ ಬೆಳಗ್ಗೆ ಆರರಿಂದ ಒಂಬತ್ತರ ಒಳಗೆ ಮುಗಿಸುವಷ್ಟು ಮುಗಿಸಿ, ಉಳಿದದ್ದು ಮರುದಿನ. ಪೋರ್ಟಿಕೋದಲ್ಲಿ ಮಾಡುವುದಾದರೆ ಸುತ್ತ ಅಂಗಳಕ್ಕೆ ನೀರು ಚಿಮುಕಿಸಿ. ಅಮ್ಮ ದಿನಾ ಬೆಳಗ್ಗೆ ರಂಗೋಲಿಗೆ ಮುಂಚೆ ಮಾಡುವ ಕೆಲಸವೇ. ಧೂಳು ಏಳುವುದಿಲ್ಲ. ಕೈಗಡಿಯಾರ, ಉಂಗುರ, ಬೆಲ್ಟ್ ತೆಗೆದಿಡಿ, ಬಕಲ್ ತಗುಲಿಯೇ ಗೆರೆಗಳಾಗುತ್ತವೆ. ವೈರನ್ನು ಹೆಗಲ ಮೇಲೆ ಹಾಕಿಕೊಳ್ಳಿ, ಬಾನೆಟ್ ಮೇಲೆ ಎಳೆದಾಡದ ಹಾಗೆ. ಕನ್ನಡಕ, ಮಾಸ್ಕ್ ಇರಲಿ. ಕರೆಂಟ್ ಹೋದರೆ ಮೊದಲು ಸ್ವಿಚ್ ಆಫ್ ಮಾಡಿ. ಇಲ್ಲದಿದ್ದರೆ ಕರೆಂಟ್ ಬಂದಾಗ ಮೆಷಿನ್ ತಾನಾಗೇ ಕುಣಿಯಲು ಶುರು ಮಾಡುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು, ಪರೀಕ್ಷೆಯ ಚೌಕ. ನೇರವಾಗಿ ಇಡೀ ಕಾರಿಗೆ ಕೈ ಹಾಕಬೇಡಿ. ಬಾನೆಟ್ ನಡುವೆ, ಏಣುಗಳಿಂದ ದೂರ, ಒಂದೂವರೆ ಅಡಿ ಚೌಕಕ್ಕೆ ಟೇಪ್ ಅಂಟಿಸಿ. ಅಲ್ಲಿ ಎಲ್ಲಕ್ಕಿಂತ ಮೆತ್ತನೆಯ ಪ್ಯಾಡ್, ಎಲ್ಲಕ್ಕಿಂತ ನಯವಾದ ಪಾಲಿಶ್ ಹಾಕಿ ಶುರು ಮಾಡಿ. ಕಾಂಪೌಂಡ್ ಇದೆಯಲ್ಲ, ಅದನ್ನೇ ಹಾಕಿದರೆ ಬೇಗ ಆಗುತ್ತಲ್ವಾ ಅನಿಸುತ್ತದೆ. ಆಗುತ್ತದೆ, ಆದರೆ 1 ಮೈಕ್ರಾನ್ ತೆಗೆದರೆ ಸಾಕಾಗುತ್ತಿದ್ದ ಕಡೆ 3 ಹೋಗಿರುತ್ತದೆ. ಮೆತ್ತನೆಯದು ಸಾಲದಿದ್ದರೆ ಪಾಲಿಶ್ ಅದೇ ಇರಲಿ, ಪ್ಯಾಡ್ ಮಾತ್ರ ಒಂದು ಮೆಟ್ಟಿಲು ಗಡಸು ಮಾಡಿ. ಆಗಲೂ ಸಾಲದಿದ್ದರೆ ಆಮೇಲೆ ಕಾಂಪೌಂಡ್. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದಿಲ್ಲ. ಹತ್ತರಲ್ಲಿ ಎಂಟು ಗೆರೆ ಹೋದರೆ ಅಲ್ಲಿಗೆ ನಿಲ್ಲಿಸಿ. ಉಳಿದ ಎರಡು ಆಳದವು, ಅವುಗಳ ಬೆನ್ನು ಹತ್ತಿದರೆ ಬೆಲೆ ತೆರುವುದು ಕ್ಲಿಯರ್ ಕೋಟ್.

ಕಾರೇ ಪರೀಕ್ಷೆಗೆ ಬೇಡ ಅನಿಸಿದರೆ ಗುಜರಿಯಿಂದ ಒಂದು ಹಳೆಯ ಬಾನೆಟ್ ಅಥವಾ ಬಾಗಿಲು ತನ್ನಿ. ನಾನು ಎರಡನೇ ಸಲ ಕಲಿತದ್ದು ಹಾಗೆಯೇ. ಒಂದು ಭಾನುವಾರ ಪೂರ್ತಿ ಅದರ ಮೇಲೆ ಕೈ ಪಳಗಿಸಿದೆ. ಬೇಕೆಂದೇ ಒಂದು ಅಂಚನ್ನು ಸುಟ್ಟು ನೋಡಿದೆ, ಎಷ್ಟು ಹೊತ್ತಿಗೆ ಹೋಗುತ್ತದೆ ಅಂತ ಕಣ್ಣಾರೆ ತಿಳಿಯಲು.

ಚೌಕದ ಮೇಲೆ ಕೆಲಸ ನಡೆಯುವುದು ಹೀಗೆ. ಹೊಸ ಪ್ಯಾಡಿಗೆ ಮೊದಲು ಪಾಲಿಶನ್ನು ತೆಳ್ಳಗೆ ಬೆರಳಿನಲ್ಲಿ ಸವರಿ, ಒಣ ಸ್ಪಂಜು ಬಣ್ಣಕ್ಕೆ ತಗುಲಬಾರದು. ಆಮೇಲೆ ಬಟಾಣಿ ಕಾಳಿನಷ್ಟು ಮೂರು ನಾಲ್ಕು ಹನಿ. ಪ್ಯಾಡನ್ನು ಬಾನೆಟ್ ಮೇಲೆ ಇಟ್ಟ ಮೇಲೇ ಸ್ವಿಚ್ ಹಾಕಿ. ಗಾಳಿಯಲ್ಲಿ ಆನ್ ಮಾಡಿದರೆ ಪಾಲಿಶ್ ಗೋಡೆಗೆಲ್ಲ ಹಾರುತ್ತದೆ. 1 ಅಥವಾ 2ನೇ ವೇಗದಲ್ಲಿ ಚೌಕದ ತುಂಬಾ ಹರಡಿ. ಈಗ 4 ಅಥವಾ 5ಕ್ಕೆ ಏರಿಸಿ, ನಿಧಾನವಾಗಿ ಎಡದಿಂದ ಬಲಕ್ಕೆ, ಸಾಲು ಸಾಲಾಗಿ ಉಳುವ ಹಾಗೆ ಎಳೆಯಿರಿ. ಒಂದು ಸೆಕೆಂಡಿಗೆ ಒಂದು ಇಂಚು, ಅಷ್ಟೇ. ಎಲ್ಲ ಹೊಸಬರೂ ಬೇಗ ಬೇಗ ಓಡಿಸುತ್ತಾರೆ, ಆಗ ಏನೂ ಆಗುವುದಿಲ್ಲ. ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧ ಮುಚ್ಚಲಿ. ಒಮ್ಮೆ ಎಡ ಬಲ, ಇನ್ನೊಮ್ಮೆ ಮೇಲೆ ಕೆಳಗೆ, ಹೀಗೆ ನಾಲ್ಕರಿಂದ ಆರು ಸಲ.

ಎಷ್ಟು ಒತ್ತಬೇಕು ಅನ್ನುವುದನ್ನು ಮಾತಿನಲ್ಲಿ ಹೇಳುವುದು ಕಷ್ಟ. ಅದಕ್ಕೊಂದು ಉಪಾಯ ಇದೆ. ಪ್ಯಾಡ್ ಕೂರುವ ತಟ್ಟೆಯ ಅಂಚಿನಲ್ಲಿ ಮಾರ್ಕರಿನಿಂದ ದಪ್ಪಗೆ ಒಂದು ಗೀಟು ಹಾಕಿ. ಮೆಷಿನ್ ಓಡುವಾಗ ಆ ಗೀಟನ್ನು ನೋಡುತ್ತಿರಿ. ಅದು ಸುತ್ತುತ್ತಿದ್ದರೆ ಎಲ್ಲ ಸರಿ. ನಿಂತ ಜಾಗದಲ್ಲೇ ನಡುಗುತ್ತಿದ್ದರೆ ಜಾಸ್ತಿ ಒತ್ತುತ್ತಿದ್ದೀರಿ, ಇಲ್ಲವೇ ಮೆಷಿನ್ ಓರೆಯಾಗಿದೆ. ಪ್ಯಾಡ್ ಯಾವಾಗಲೂ ಪೂರ್ತಿ ಚಪ್ಪಟೆಯಾಗಿ ಕೂರಬೇಕು. ಮೆಷಿನ್ನಿನ ತೂಕಕ್ಕೆ ಕೈಯ ತೂಕ ಸೇರಿಸಿದರೆ ಸಾಕು, ಹೆಗಲು ಕೊಡುವುದು ಬೇಡ. ಎಡಗೈ ಬೆನ್ನನ್ನು ಆಗಾಗ ಬಾನೆಟ್‌ಗೆ ತಾಗಿಸಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಬಿಸಿಯಾದರೆ ನಿಲ್ಲಿಸಿ.

ಪಾಲಿಶ್ ಎಣ್ಣೆ ಸವರಿದ ಹಾಗೆ ತೆಳ್ಳಗೆ, ಪಾರದರ್ಶಕವಾಗುತ್ತಿದ್ದಂತೆ ಒಂದು ಚೌಕ ಮುಗಿಯಿತು. ಪ್ಯಾಡನ್ನು ಮೆತ್ತನೆಯ ಬ್ರಷ್ಷಿನಲ್ಲಿ ಉಜ್ಜಿ ಸ್ವಚ್ಛ ಮಾಡಿ, ಆಮೇಲೆ ಮುಂದಿನ ಚೌಕ. ಇದನ್ನು ಬಿಟ್ಟರೆ ಹೆರೆದ ಕ್ಲಿಯರ್ ಕೋಟ್, ಹಳೆಯ ಪಾಲಿಶ್ ಎಲ್ಲ ಪ್ಯಾಡಿನಲ್ಲಿ ಗಂಟು ಕಟ್ಟಿ ತಾನೇ ಗೆರೆ ಹಾಕುತ್ತದೆ. ಪ್ಯಾಡ್ ಒದ್ದೆ ಮುದ್ದೆಯಾದರೆ ಬದಲಿಸಿ. ಎರಡೆರಡು ಇಟ್ಟುಕೊಳ್ಳಿ ಅಂದದ್ದು ಇದಕ್ಕೇ.

ಹೊಳಪನ್ನು ತಕ್ಷಣ ನಂಬಬೇಡಿ. ಪಾಲಿಶ್‌ನಲ್ಲಿ ಎಣ್ಣೆಯಂಥ ಅಂಶ ಇರುತ್ತದೆ, ಅದು ಗೆರೆಯೊಳಗೆ ಕೂತು ಗೆರೆ ಹೋದಂತೆ ತೋರಿಸುತ್ತದೆ. ಎರಡು ಸಲ ತೊಳೆದ ಮೇಲೆ ಗೆರೆ ವಾಪಸ್ ಬರುತ್ತದೆ. ದುಡ್ಡು ಕೊಟ್ಟು ರಬ್ಬಿಂಗ್ ಮಾಡಿಸಿದವರು "ತಿಂಗಳಿಗೇ ಮತ್ತೆ ಹಾಗೇ ಆಯ್ತು" ಅನ್ನುವುದರ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿಗೆ ಅರ್ಧಕ್ಕಿಂತ ಜಾಸ್ತಿ ಶುದ್ಧ ನೀರು ಬೆರೆಸಿ, ಮೈಕ್ರೋಫೈಬರ್ ಬಟ್ಟೆಯಲ್ಲಿ ಚೌಕವನ್ನು ಒರೆಸಿ. ಕೊರೋನಾ ಕಾಲದ ಸ್ಯಾನಿಟೈಸರ್ ಉಳಿದಿದೆ ಅಂತ ಅದನ್ನು ಹಾಕಬೇಡಿ, ಸಾಮಾನ್ಯವಾಗಿ ಅದರಲ್ಲಿ ಗ್ಲಿಸರಿನ್ ಇರುತ್ತದೆ, ಮತ್ತೆ ಜಿಡ್ಡು. ಒರೆಸಿದ ಮೇಲೆ ಮೊಬೈಲಿನ ಟಾರ್ಚ್ ಹಿಡಿದು ನೋಡಿ. ಸ್ಟೀಲ್ ತಟ್ಟೆಯ ಪಾಠ ಬೇಕಾಗುವುದು ಇಲ್ಲಿ. ಟೇಪಿನ ಆಚೆ ಕಡೆ ಟಾರ್ಚಿನ ಸುತ್ತ ಜೇಡರ ಬಲೆ, ಈಚೆ ಕಡೆ ಟಾರ್ಚಿನ ಬೆಳಕು ಒಂದೇ ಒಂದು ಚುಕ್ಕಿ. ಮೊದಲ ಸಲ ಆ ವ್ಯತ್ಯಾಸ ಕಂಡಾಗ ನಾನು ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ. ನೀಲಿ ಬಣ್ಣ ಕೆರೆಯ ನೀರಿನ ಹಾಗೆ ಆಳಕ್ಕೆ ಇಳಿದಿತ್ತು.

ಇಡೀ ಕಾರಿಗೆ ನನಗೆ ಮೊದಲ ಸಲ ಎರಡು ದಿನ ಹಿಡಿಯಿತು. ಬಾನೆಟ್ ಒಂದಕ್ಕೇ ಒಂದು ಗಂಟೆಗೂ ಜಾಸ್ತಿ. ಎಲ್ಲ ಮುಗಿದ ಮೇಲೆ ಕ್ಲಿಯರ್ ಕೋಟ್ ಬರಿಮೈಯಲ್ಲಿರುತ್ತದೆ, ಅದೇ ದಿನ ವ್ಯಾಕ್ಸ್ ಅಥವಾ ಸೀಲೆಂಟ್ ಹಚ್ಚಿ. ವ್ಯಾಕ್ಸ್ ಎರಡು ಮೂರು ತಿಂಗಳು, ಸೀಲೆಂಟ್ ಇನ್ನಷ್ಟು ದಿನ ನಿಲ್ಲುತ್ತದೆ. ಇವು ಗೆರೆ ತಡೆಯುವುದಿಲ್ಲ, ಆದರೆ ನೀರು ಜಾರಿ ಹೋಗುತ್ತದೆ, ಧೂಳು ಅಷ್ಟು ಗಟ್ಟಿಯಾಗಿ ಅಂಟುವುದಿಲ್ಲ. ಪ್ಯಾಡುಗಳನ್ನು ಶಾಂಪೂ ನೀರಿನಲ್ಲಿ ಹಿಸುಕಿ ತೊಳೆದು ನೆರಳಲ್ಲಿ ಒಣಗಿಸಿ. ಕಾಂಪೌಂಡ್ ಹಾಕಿ ಜೋರಾಗಿ ಮಾಡುವ ಕೆಲಸ ಒಂದು ಕಾರಿನ ಆಯಸ್ಸಿನಲ್ಲಿ ಒಂದೆರಡು ಸಲ ಸಾಕು. ವರ್ಷಕ್ಕೊಮ್ಮೆ ಬೇಕೆನಿಸಿದರೆ ಮೆತ್ತನೆಯ ಪ್ಯಾಡ್, ನಯವಾದ ಪಾಲಿಶ್, ಅದೂ ಬೇಕಾದ ಕಡೆ ಮಾತ್ರ.

ಬೇಕೆನಿಸದ ಹಾಗೆ ನೋಡಿಕೊಳ್ಳುವುದು ತೊಳೆಯುವವರ ಕೈಯಲ್ಲಿದೆ. ಮನೆಯಲ್ಲಿ ತೊಳೆಯಲು ಆಗದ ವಾರ ನಾನು ವಾಟರ್ ಸರ್ವಿಸ್‌ಗೆ ಹೋಗುತ್ತೇನೆ. ಅಲ್ಲಿ ಒಂದೇ ಬಕೆಟ್, ಒಂದೇ ಬಟ್ಟೆ, ಬೆಳಗ್ಗೆಯಿಂದ ಹತ್ತು ಗಾಡಿಯ ಮಣ್ಣು ಕುಡಿದದ್ದು. ಹುಡುಗರು ಪಾಪ, ಕಷ್ಟಪಟ್ಟು ಚೆನ್ನಾಗಿ ಉಜ್ಜಬೇಕು ಅಂತಲೇ ಉಜ್ಜುತ್ತಾರೆ. ಈಗ ಡಿಕ್ಕಿಯಲ್ಲಿ ಎರಡು ಮೈಕ್ರೋಫೈಬರ್ ಟವೆಲ್, ಒಂದು ಕ್ಯಾನ್ ಶುದ್ಧ ನೀರು ಯಾವಾಗಲೂ ಇರುತ್ತದೆ. ಗಾಡಿ ನಿಲ್ಲಿಸುತ್ತಿದ್ದಂತೆ ಮೊದಲೇ ಹೇಳಿಬಿಡುತ್ತೇನೆ: "ಬಟ್ಟೆ ಹಾಕೋದು ಬೇಡ ತಮ್ಮ, ನೀರು ಮಾತ್ರ ಜೋರಾಗಿ ಹೊಡೆದುಬಿಡು. ಒರೆಸೋದು ನಾನೇ ಒರೆಸ್ಕೋತೀನಿ."